ಮಂಡ್ಯದ ಕರಿಕಲ್ಲು, ಮ್ಯಾಂಟಲ್ ಮತ್ತು 4 ಪಿಪಿಎಂ ನಿಯೋಬಿಯಂ

ಕೊನೆಯ ಐಸೋಟೋಪ್ ವರದಿಯೂ ಕೈಸೇರಿ, ಅಂಕಿಗಳೆಲ್ಲ ತಾಳೆಯಾಗಿ, ಕೆಲಸ ಒಂದು ದಡ ಸೇರಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಮೈಸೂರು ಸುತ್ತಮುತ್ತಲಿನ ಡೋಲರೈಟ್ ಡೈಕ್‌ಗಳನ್ನು (ಹಳೆಯ ಕಲ್ಲಿನ ಬಿರುಕಿಗೆ ಶಿಲಾಪಾಕ ನುಗ್ಗಿ ಗಟ್ಟಿಯಾದ ಕರಿಕಲ್ಲಿನ ಗೋಡೆಗಳನ್ನು) ಒಡೆದು ಪುಡಿ ಮಾಡಿ, ಅವುಗಳ ರಸಾಯನದಿಂದ ಆ ಶಿಲಾಪಾಕ ಹುಟ್ಟಿದ ಮ್ಯಾಂಟಲ್, ಅಂದರೆ ಭೂತೊಗಟೆಯ ಕೆಳಗಿನ ಪದರ, ಎಂಥದ್ದಿತ್ತು ಎಂದು ಹೇಳಬೇಕಾಗಿತ್ತು. ಇದೇ ದಾರಿ ಹಿಡಿಯಲಿರುವ ಎಂ.ಎಸ್ಸಿ., ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಎಲ್ಲೆಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ ಎಂದು ತಿಳಿದಿರಲಿ ಅಂತ ಇದನ್ನು ಬರೆಯುತ್ತಿದ್ದೇವೆ.

ಮೊದಲೇ ಒಂದು ಮಾತು. ಇಂಥ ಅಧ್ಯಯನದ ತೀರ್ಮಾನ ಬಹಳಷ್ಟು ಸಲ ನಿಂತಿರುವುದು ನಿಯೋಬಿಯಂ ಎಂಬ ಒಂದೇ ಧಾತುವಿನ ಮೇಲೆ. ಕಲ್ಲಿನಲ್ಲಿ ಅದು ಎಷ್ಟಿರುತ್ತದೆ? ಆದಿಮ ಮ್ಯಾಂಟಲ್‌ನಲ್ಲಿ, ಅಂದರೆ ಭೂತೊಗಟೆ ಬೇರೆಯಾಗುವ ಮುಂಚಿನ ಮ್ಯಾಂಟಲ್‌ನಲ್ಲಿ, ನಿಯೋಬಿಯಂ ಸುಮಾರು 0.71 ಪಿಪಿಎಂ. ಅದು ಖನಿಜಗಳಲ್ಲಿ ನಿಲ್ಲಲು ಒಲ್ಲದೆ ದ್ರವಕ್ಕೇ ಬಂದುಬಿಡುವ ಧಾತು. ಆದ್ದರಿಂದ ಮ್ಯಾಂಟಲ್‌ನ 10% ಕರಗಿದರೆ ದ್ರವದಲ್ಲಿ ಸುಮಾರು 7 ಪಿಪಿಎಂ, 20% ಕರಗಿದರೆ ಮೂರೂವರೆ ಪಿಪಿಎಂ ಆಸುಪಾಸು. ಅಂದರೆ ಒಂದು ಟನ್ ಕಲ್ಲಿನಲ್ಲಿ ಕೆಲವೇ ಗ್ರಾಂ. ಸುತ್ತಿಗೆಯ ಮೊದಲ ಏಟಿನಿಂದ ಯಂತ್ರದ ಕೊನೆಯ ಓದಿನವರೆಗೆ ಈ ನಾಲ್ಕೈದು ಪಿಪಿಎಂ ಕೆಡದಂತೆ ಕಾಯುವುದೇ ಅರ್ಧ ಕೆಲಸ. ಗೊಂದಲಗಳೆಲ್ಲ ಇಲ್ಲೇ ಹುಟ್ಟುವುದು.

ಕ್ಷೇತ್ರಕ್ಕೆ ಹೋಗುವ ಮುಂಚೆ

ಸರ್ವೆ ಆಫ್ ಇಂಡಿಯಾದ ಹಳೆಯ 1:50,000 ನಕ್ಷೆಗಳಲ್ಲಿ ಮೈಸೂರು, ಶ್ರೀರಂಗಪಟ್ಟಣ 57 ಡಿ/11ರಲ್ಲಿ ಬರುತ್ತವೆ. ಮಂಡ್ಯ ಪಟ್ಟಣ 57 ಡಿ/14ರಲ್ಲಿ. ಹೊಸ ಓಪನ್ ಸೀರೀಸ್ ನಕ್ಷೆಗಳ ಸಂಖ್ಯೆ ಬೇರೆ, ಹಳೆಯ ಪ್ರಬಂಧಗಳ ಜೊತೆ ಹೋಲಿಸುವಾಗ ತಲೆ ಕೆಡಿಸಿಕೊಳ್ಳಬೇಡಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ (ಜಿಎಸ್‌ಐ) ಭೂಕೋಶ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡರೆ ಭೂವೈಜ್ಞಾನಿಕ ನಕ್ಷೆಯ ಪದರಗಳು ಸಿಗುತ್ತವೆ. ಅದರಲ್ಲಿ ಡೈಕ್ ಎಂದು ಗೀಟು ಎಳೆದಿರುವುದೆಲ್ಲ ನೆಲದ ಮೇಲೆ ಕಾಣುತ್ತದೆ ಅಂತ ನಂಬಿಕೊಂಡು ಹೊರಡಬೇಡಿ. ನಾಲೆ ನೀರಿನ ಸೀಮೆ ಇದು. ಕಬ್ಬು ಆಳೆತ್ತರ ನಿಂತಿರುವಾಗ ಬದುವಿನ ಮೇಲೆ ಗುಡ್ಡೆ ಹಾಕಿದ ಕಪ್ಪು ಗುಂಡುಗಳೇ ಸುಳಿವು. ಫೆಬ್ರವರಿಯಿಂದ ಮೇವರೆಗೆ, ಕಟಾವು ಮುಗಿದು ಹೊಳೆ ಇಳಿದಾಗ, ಕಾವೇರಿ ಪಾತ್ರದಲ್ಲೇ ಡೈಕ್‌ನ ಎರಡೂ ಅಂಚು ತೊಳೆದಿಟ್ಟ ಹಾಗೆ ಸಿಗುವ ಜಾಗಗಳಿವೆ. ಬಿಸಿಲು ಸುಡುತ್ತದೆ, ಆದರೂ ಅದೇ ಸರಿಯಾದ ಕಾಲ.

ಕಾಗದಪತ್ರ: ವಿಭಾಗದ ಮುಖ್ಯಸ್ಥರ ಸಹಿ ಇರುವ ಪತ್ರ ಕನ್ನಡದಲ್ಲಿ ಒಂದು, ಇಂಗ್ಲಿಷ್‌ನಲ್ಲಿ ಒಂದು; ಗುರುತಿನ ಚೀಟಿ; ಅರಣ್ಯದ ಗಡಿ ದಾಟುವುದಾದರೆ ಅರಣ್ಯ ಇಲಾಖೆಯ ಅನುಮತಿ, ಅದನ್ನು ತಿಂಗಳುಗಳ ಮುಂಚೆಯೇ ಕೇಳಬೇಕು. ಸ್ಮಾರಕಗಳ ಸುತ್ತ, ಕೋಟೆ ಗೋಡೆಯ ಹತ್ತಿರ ಸುತ್ತಿಗೆ ಎತ್ತಲೇಬೇಡಿ. ಕ್ವಾರಿಯಾದರೆ ಗುತ್ತಿಗೆದಾರರ ಒಪ್ಪಿಗೆ ಬೇಕು, ಸಿಡಿಮದ್ದು ಹಾರಿಸುವ ಹೊತ್ತು ಕೇಳಿಕೊಂಡೇ ಒಳಗೆ ಇಳಿಯಬೇಕು. ಕೆಆರ್‌ಎಸ್ ಅಣೆಕಟ್ಟೆಯ ಸುತ್ತ 20 ಕಿ.ಮೀ. ಒಳಗೆ ಗಣಿಗಾರಿಕೆ ನಡೆಸದಂತೆ ಹೈಕೋರ್ಟ್ 2024ರಲ್ಲಿ ಆದೇಶಿಸಿದೆ. ಹಾಗಾಗಿ ಹಳೆಯ ಪ್ರಬಂಧಗಳಲ್ಲಿ ‘ತಾಜಾ ಕ್ವಾರಿ ಮುಖ’ ಎಂದಿರುವುದನ್ನು ನೆಚ್ಚಿಕೊಂಡು ಯೋಜನೆ ಹಾಕಬೇಡಿ.

ಪತ್ರಕ್ಕಿಂತ ಹೆಚ್ಚು ಬೇಕಾಗುವುದು ಊರಿನವರ ಜೊತೆ ಮಾತು. ಹೊಲದ ಬದುವಲ್ಲಿ ಸುತ್ತಿಗೆ ಸದ್ದು ಕೇಳಿದರೆ ಯಾರಾದರೂ ಬಂದೇ ಬರುತ್ತಾರೆ. “ಏನ್ ಸಾ, ಚಿನ್ನ ಗಿನ್ನ ಐತಾ?” ಎಂಬುದು ತಮಾಷೆಯ ಪ್ರಶ್ನೆ. ಅದರ ಹಿಂದಿರುವ “ಜಮೀನು ಏನಾದ್ರೂ ಸರ್ಕಾರಕ್ಕೆ ಹೋಯ್ತದಾ?” ಎಂಬ ಆತಂಕ ತಮಾಷೆಯದಲ್ಲ. “ಇಲ್ಲ ಯಜಮಾನ್ರೇ, ಓದೋದಕ್ಕೆ, ಕಾಲೇಜಿಗೆ. ಒಂದು ಚೀಲ ಕಲ್ಲು ಅಷ್ಟೇ” ಎಂದು ಮೊದಲೇ ಹೇಳಿ, ಪತ್ರ ತೋರಿಸಿ, ಒಪ್ಪಿದ ಮೇಲೆ ಒಡೆಯಿರಿ. ಒಪ್ಪದಿದ್ದರೆ ಮುಂದಿನ ಹೊಲದಲ್ಲೂ ಅದೇ ಡೈಕ್ ಇರುತ್ತದೆ.

ಯಾವ ಕಲ್ಲು, ಎಷ್ಟು ಕಲ್ಲು

ಮೈಸೂರಿನಲ್ಲಿ ಕುಳಿತು ಮ್ಯಾಂಟಲ್ ಅಂದರೆ ಎಲ್ಲರೂ ಮೊದಲು ಕೇಳುವುದು ಚಾಮುಂಡಿ ಬೆಟ್ಟ ಯಾಕಲ್ಲ ಎಂದು. ಬೆಟ್ಟದ ಗ್ರಾನೈಟ್ ಸುಮಾರು 80 ಕೋಟಿ ವರ್ಷ ಹಳೆಯದು. ಆದರೆ ಗ್ರಾನೈಟ್ ದ್ರವ ಭೂತೊಗಟೆಯ ಕೈವಾಡವಿಲ್ಲದೆ ಆಗುವುದು ಅಪರೂಪ. ಅದರಿಂದ ಮ್ಯಾಂಟಲ್‌ಗೆ ನೇರ ದಾರಿಯಿಲ್ಲ. ಶ್ರೀರಂಗಪಟ್ಟಣದ ಕಡೆಯ ಕೆಂಪು ಛಾಯೆಯ ಫೆಲ್ಸೈಟ್, ಪಾರ್ಫಿರಿ ಡೈಕ್‌ಗಳಿಗೂ ಇದೇ ಮಾತು. ನಮಗೆ ಬೇಕಾದದ್ದು ಕಡು ಹಸಿರುಗಪ್ಪು ಡೋಲರೈಟ್, ಊರ ಬಾಯಲ್ಲಿ ಕರಿಕಲ್ಲು.

ಕೆ.ಆರ್. ಪೇಟೆ ಪಟ್ಟಿಯ ಅಲ್ಟ್ರಾಮಾಫಿಕ್ ಶಿಲೆಗಳೂ ಆಸೆ ಹುಟ್ಟಿಸುತ್ತವೆ. ಪಶ್ಚಿಮ ಧಾರವಾಡ ಕ್ರೇಟಾನ್‌ನ (ಭೂತೊಗಟೆಯ ಪುರಾತನ ಸ್ಥಿರ ಭಾಗ) ಕೊಮಾಟೈಟ್‌ಗಳಿಗೆ, ಅಂದರೆ ಮೆಗ್ನೀಸಿಯಂ ಹೇರಳವಾಗಿರುವ ಲಾವಾ ಶಿಲೆಗಳಿಗೆ, ಸಮೇರಿಯಂ–ನಿಯೋಡಿಮಿಯಂ ವಿಧಾನದಲ್ಲಿ ಸುಮಾರು 335 ಕೋಟಿ ವರ್ಷದ ವಯಸ್ಸು ಸಿಕ್ಕಿದೆ. ಅವು ಹುಟ್ಟಿದ್ದೇ ಮ್ಯಾಂಟಲ್ ಬಹಳ ಬಿಸಿಯಿದ್ದಾಗ, ಹೆಚ್ಚು ಪಾಲು ಕರಗಿ. ಅಲ್ಯೂಮಿನಿಯಂ ಆಕ್ಸೈಡ್‌ಗೂ ಟೈಟಾನಿಯಂ ಆಕ್ಸೈಡ್‌ಗೂ ಇರುವ ಅನುಪಾತ 20ರ ಹತ್ತಿರ ಇದ್ದರೆ ಅಲ್ಯೂಮಿನಿಯಂ ಕುಂದದ ಬಗೆ, 11ರ ಹತ್ತಿರ ಇಳಿದರೆ ಆಳದಲ್ಲಿ ಗಾರ್ನೆಟ್ ಅಲ್ಯೂಮಿನಿಯಂ ಹಿಡಿದಿಟ್ಟುಕೊಂಡ ಬಗೆ ಎಂದು ಓದುತ್ತಾರೆ. ಆದರೆ ಅಲ್ಲಿನ ಕಲ್ಲು ಸರ್ಪೆಂಟೈನ್ ಆಗಿ ಬದಲಾಗಿರುತ್ತದೆ, ಕಾಯಿಸಿದಾಗ ಕಳೆದುಹೋಗುವ ತೂಕವೇ 10% ದಾಟಬಹುದು. ಜೊತೆಗೆ ಅದರೊಳಗಿನ ಕ್ರೋಮೈಟ್ ಸಾಮಾನ್ಯ ಆಮ್ಲಗಳಿಗೆ ಬಗ್ಗುವುದಿಲ್ಲ. ಮೊದಲ ಕೆಲಸಕ್ಕೆ ಡೋಲರೈಟೇ ವಾಸಿ.

ಡೈಕ್‌ನ ಅಂಚು ಬೇಗ ತಣಿದದ್ದು, ಕಣ ಸಣ್ಣದು. ದ್ರವದ ಮೂಲ ರಚನೆಗೆ ಅದು ಹತ್ತಿರ. ಆದರೆ ಪಕ್ಕದ ನೈಸ್ (ಡೈಕ್ ನುಗ್ಗಿದ ಹಳೆಯ ಪಟ್ಟೆಪಟ್ಟೆ ಕಲ್ಲು) ಅದರೊಳಗೆ ಕರಗಿ ಬೆರೆತಿರುವ ಅಪಾಯವೂ ಅಲ್ಲೇ ಹೆಚ್ಚು. ನಡುವಿನ ಭಾಗ ಶುದ್ಧ, ಆದರೆ ಹರಳುಗಳು ಒಂದೆಡೆ ಜಮೆಯಾಗಿರಬಹುದು. ಆದ್ದರಿಂದ ಒಂದೇ ಡೈಕ್‌ನಲ್ಲಿ ಅಂಚಿನದೊಂದು, ನಡುವಿನದೊಂದು ತೆಗೆಯಿರಿ. ಪಕ್ಕದ ಪೆನಿನ್ಸುಲಾರ್ ನೈಸ್‌ನ ಎರಡು ಮಾದರಿಗಳನ್ನೂ ಸೇರಿಸಿಕೊಳ್ಳಿ. ಬಹುತೇಕರು ಇದನ್ನು ಬಿಟ್ಟುಬಿಡುತ್ತಾರೆ, ಕೊನೆಗೆ ಬೇಕಾಗುವುದು ಇದೇ.

ಸಣ್ಣ ಕಣದ ಕಲ್ಲಾದರೆ ಪ್ರತಿ ಮಾದರಿ 2ರಿಂದ 3 ಕೆ.ಜಿ., ದಪ್ಪ ಕಣದ್ದಾದರೆ ಅದರ ಎರಡರಷ್ಟು. ಡೋಲರೈಟ್ ಗುಂಡುಗಳ ಮೈ ಪದರ ಪದರವಾಗಿ ಬಿಚ್ಚಿಕೊಂಡು, ಕಂದು ಮಣ್ಣಾಗಿ, ಒಳಗೆ ಗಟ್ಟಿ ತಿರುಳು ಉಳಿದಿರುತ್ತದೆ. ಆ ತಿರುಳು ಬೇಕು. 4 ಕೆ.ಜಿ. ಸುತ್ತಿಗೆಯ ಏಟಿಗೆ ಠಣ್ ಎಂದು ಮಾರ್ದನಿಸಿದರೆ ತಾಜಾ, ಧಪ್ ಎಂದರೆ ಬಿಡಿ. ಕನ್ನಡಕ ಹಾಕದೆ ಒಡೆಯಬೇಡಿ, ಈ ಕಲ್ಲಿನ ಚೂರು ಬ್ಲೇಡಿನಂತೆ ಹಾರುತ್ತದೆ. ಡೈಕ್‌ನ ದಿಕ್ಕು ಅಳೆಯುವಾಗ ಬ್ರಂಟನ್ ದಿಕ್ಸೂಚಿಯನ್ನು ಕಲ್ಲಿನ ಮೇಲೆ ಇಡಬೇಡಿ. ಒಳಗಿನ ಮ್ಯಾಗ್ನೆಟೈಟ್ ಮುಳ್ಳನ್ನು ಎಳೆಯುತ್ತದೆ. ಹತ್ತಾರು ಹೆಜ್ಜೆ ದೂರ ನಿಂತು ಡೈಕ್‌ನ ಸಾಲಿಗೆ ಗುರಿಯಿಟ್ಟು ಓದಿ, ಆಮೇಲೆ ಉಪಗ್ರಹ ಚಿತ್ರದಲ್ಲಿ ಸರಿನೋಡಿ.

ಸಂಖ್ಯೆಯನ್ನು ಚೀಲದ ಮೇಲೂ, ಒಳಗೆ ಚೀಟಿಯಲ್ಲೂ, ಕಲ್ಲಿನ ಮೇಲೂ ಬರೆಯಿರಿ. ಮಾರ್ಕರ್ ಪೆನ್ನಿನ ಶಾಯಿ ಬೆವರಿಗೂ ಅಸಿಟೋನ್‌ಗೂ ಅಳಿಸಿಹೋಗುತ್ತದೆ. ಕಲ್ಲಿನ ಮೇಲೆ ಪೇಂಟ್ ಒಳ್ಳೆಯದು, ಆದರೆ ಪೇಂಟ್ ಬಳಿದ ಭಾಗ ಪುಡಿಗೆ ಹೋಗಬಾರದು. 25 ಮಾದರಿ ಅಂದರೆ 75 ಕೆ.ಜಿ. ಬಸ್ಸಿನಲ್ಲಿ ತರುತ್ತೇವೆ ಎಂಬ ಉಳಿತಾಯದ ಯೋಚನೆ ಬೇಡ. ಗೂಡ್ಸ್ ಆಟೋ ಬಾಡಿಗೆಯನ್ನು ಖರ್ಚಿನ ಪಟ್ಟಿಯಲ್ಲಿ ಮೊದಲೇ ಬರೆದುಕೊಳ್ಳಿ.

ತೆಳು ಛೇದ: ಮೊದಲ ಜರಡಿ

ಎಲ್ಲ ಮಾದರಿಯನ್ನೂ ನೇರವಾಗಿ ರಾಸಾಯನಿಕ ವಿಶ್ಲೇಷಣೆಗೆ ಕಳಿಸುವುದು ದುಡ್ಡು ಸುರಿದಂತೆ. ಮೊದಲು ತೆಳು ಛೇದ ಮಾಡಿಸಿ. ಕಲ್ಲಿನ ಚಿಕ್ಕ ಬಿಲ್ಲೆಯನ್ನು ಎಪಾಕ್ಸಿಯಿಂದ ಗಾಜಿಗೆ ಅಂಟಿಸಿ, ಸಿಲಿಕಾನ್ ಕಾರ್ಬೈಡ್ ಪುಡಿಯಲ್ಲಿ ಉಜ್ಜುತ್ತಾ 0.03 ಮಿ.ಮೀ.ಗೆ ಇಳಿಸಬೇಕು. ದಪ್ಪ ಸರಿಯಾಗಿದೆಯೇ ಎಂದು ನೋಡಲು ಪುಸ್ತಕಗಳು ಕ್ವಾರ್ಟ್ಜ್‌ನ ಬಣ್ಣ ನೋಡಿ ಎನ್ನುತ್ತವೆ. ಡೋಲರೈಟ್‌ನಲ್ಲಿ ಕ್ವಾರ್ಟ್ಜ್ ಸಿಗುವುದೇ ಕಷ್ಟ. ಪ್ಲೇಜಿಯೋಕ್ಲೇಸ್ ನೋಡಿ: ಅಡ್ಡ ಪೋಲರಾಯ್ಡ್‌ಗಳ ನಡುವೆ ಬೂದು–ಬಿಳಿ ಬಂದರೆ ಸರಿ, ಹಳದಿ, ಕಿತ್ತಳೆ ಇದ್ದರೆ ಇನ್ನೂ ಉಜ್ಜಬೇಕು. ಕೊನೆಯ ಹಂತದಲ್ಲಿ ಕೈ ಸ್ವಲ್ಪ ಒತ್ತಿದರೂ ಅಂಚಿನಿಂದ ಕಲ್ಲೇ ಮಾಯವಾಗುತ್ತದೆ.

ಸೂಕ್ಷ್ಮದರ್ಶಕದಲ್ಲಿ ಏನು ಹುಡುಕಬೇಕು? ಪ್ಲೇಜಿಯೋಕ್ಲೇಸ್‌ನ ಉದ್ದ ಕಡ್ಡಿಗಳನ್ನು ದೊಡ್ಡ ಆಗೈಟ್ ಹರಳು ಸುತ್ತುವರಿದಿರುವ ಒಫಿಟಿಕ್ ವಿನ್ಯಾಸ ಚೊಕ್ಕವಾಗಿ ಕಂಡರೆ ಒಳ್ಳೆಯ ಲಕ್ಷಣ. ಪೈರಾಕ್ಸೀನ್ ಅಂಚಿನಿಂದ ಹಸಿರು ಆಂಫಿಬೋಲ್ ಆಗಿದ್ದರೆ, ಪ್ಲೇಜಿಯೋಕ್ಲೇಸ್ ಮಬ್ಬಾಗಿ ಎಪಿಡೋಟ್, ಸೆರಿಸೈಟ್ ತುಂಬಿದ್ದರೆ, ಕ್ಲೋರೈಟ್ ಹರಡಿದ್ದರೆ ಕಲ್ಲು ಬದಲಾಗಿದೆ ಎಂದರ್ಥ. ಅಂಥದ್ದನ್ನು ಎಸೆಯಲೇಬೇಕು ಎಂದಿಲ್ಲ. ಆದರೆ ಅದರ ರುಬಿಡಿಯಂ, ಬೇರಿಯಂ, ಪೊಟ್ಯಾಸಿಯಂ, ಸ್ಟ್ರಾನ್ಷಿಯಂ ಅಂಕಿಗಳನ್ನು ಮ್ಯಾಂಟಲ್ ಬಗ್ಗೆ ಮಾತಾಡಲು ಬಳಸುವಂತಿಲ್ಲ. ನೀರು ಹರಿದಾಗ ಅಲುಗಾಡುವ ಧಾತುಗಳವು. ಜಿರ್ಕೋನಿಯಂ, ಟೈಟಾನಿಯಂ, ನಿಯೋಬಿಯಂ, ಥೋರಿಯಂ, ವಿರಳ ಮೃತ್ತಿಕೆಗಳು (ಲ್ಯಾಂಥನಂ ಬಳಗದ ಧಾತುಗಳು) ಕೂತ ಜಾಗ ಬಿಡುವುದು ಕಡಿಮೆ. ಮುಂದೆ ಅಂಕಿ ಬಂದಾಗ ಪ್ರತಿಯೊಂದನ್ನೂ ಜಿರ್ಕೋನಿಯಂ ಎದುರು ಗುರುತಿಸಿ ನೋಡಿ. ಚುಕ್ಕೆಗಳು ಒಂದು ಸಾಲಿಗೆ ಬರದೆ ಚೆಲ್ಲಾಪಿಲ್ಲಿಯಾದರೆ ಆ ಧಾತು ಓಡಾಡಿದೆ.

ಪುಡಿ ಮಾಡುವಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಪ್ರಕಾರ ಅತಿ ಹೆಚ್ಚು ಪ್ರಬಂಧಗಳು ಸದ್ದಿಲ್ಲದೆ ಕೆಡುವುದು ಈ ಹಂತದಲ್ಲಿ.

ಮೊದಲು ಗರಗಸದಲ್ಲಿ ಕಂದು ಮೈಯನ್ನು ಕತ್ತರಿಸಿ ತೆಗೆಯಬೇಕು. ಗರಗಸದ ಗುರುತುಗಳಲ್ಲಿ ಲೋಹ ಅಂಟಿರುತ್ತದೆ, ಅದನ್ನು ಸಿಲಿಕಾನ್ ಕಾರ್ಬೈಡ್ ಮೇಲೆ ಉಜ್ಜಿ, ಶುದ್ಧೀಕರಿಸಿದ ನೀರಲ್ಲಿ ತೊಳೆದು, ಒಣಗಿಸಿ. ಜಾ ಕ್ರಷರ್‌ನಲ್ಲಿ ಬಟಾಣಿ ಗಾತ್ರಕ್ಕೆ ಒಡೆದ ಮೇಲೆ ಚೂರುಗಳನ್ನು ಕೈಯಲ್ಲೇ ಆರಿಸಿ: ಹೊಳೆಯುವ ಉಕ್ಕಿನ ಸಿಪ್ಪೆ, ಬಿಳಿ ಕ್ಯಾಲ್ಸೈಟ್ ಎಳೆ, ತುಕ್ಕು ಹಿಡಿದ ಚೂರು ಎಲ್ಲ ಆಚೆಗೆ. ಬೇಸರದ ಕೆಲಸ, ಕುತ್ತಿಗೆ ನೋವು ಬರುತ್ತದೆ, ಆದರೂ ಬೇರೆಯವರಿಗೆ ಒಪ್ಪಿಸಬೇಡಿ. ನಂತರ ರಾಶಿ ಮಾಡಿ ನಾಲ್ಕು ಪಾಲು ಮಾಡುವುದು, ಎದುರುಬದುರಿನ ಎರಡು ಪಾಲು ಇಟ್ಟುಕೊಳ್ಳುವುದು, ಮತ್ತೆ ರಾಶಿ, ಮತ್ತೆ ಪಾಲು, ಸುಮಾರು 100 ಗ್ರಾಂ ಉಳಿಯುವವರೆಗೆ.

ಈಗ ಪ್ರಶ್ನೆ: ಯಾವ ಮಿಲ್? ಟಂಗ್‌ಸ್ಟನ್ ಕಾರ್ಬೈಡ್ ಮಿಲ್ ಎರಡೇ ನಿಮಿಷದಲ್ಲಿ ಪುಡಿ ಮಾಡಿ ಕೊಡುತ್ತದೆ, ಎಲ್ಲ ಕಡೆ ಇರುವುದೂ ಅದೇ. ಆದರೆ ಅದು ಟಂಗ್‌ಸ್ಟನ್, ಕೋಬಾಲ್ಟ್ ಜೊತೆಗೆ ಟ್ಯಾಂಟಲಂ ಅನ್ನೂ, ಸ್ವಲ್ಪ ಮಟ್ಟಿಗೆ ನಿಯೋಬಿಯಂ ಅನ್ನೂ ಬಿಡುತ್ತದೆ. ನಮ್ಮ ಇಡೀ ವಾದ ನಿಂತಿರುವುದೇ ಈ ಧಾತುಗಳ ಮೇಲೆ. ಕ್ರೋಮ್ ಉಕ್ಕಿನ ಮಿಲ್ ಕ್ರೋಮಿಯಂ ಮತ್ತು ಕಬ್ಬಿಣ ಸೇರಿಸುತ್ತದೆ. ಡೋಲರೈಟ್‌ನಲ್ಲಿ ಕಬ್ಬಿಣ ಹೇರಳವಾಗಿರುವುದರಿಂದ ಅದು ತಡೆದೀತು, ಕ್ರೋಮಿಯಂ ಅಂಕಿ ಮಾತ್ರ ಅನುಮಾನಾಸ್ಪದ. ಅಗೇಟ್ ಮಿಲ್ ಸೇರಿಸುವುದು ಸಿಲಿಕಾ ಮಾತ್ರ, ಆದರೆ ನಿಧಾನ. ಒಂದೊಂದು ಮಾದರಿಗೆ ತಾಸುಗಟ್ಟಲೆ ಹಿಡಿಯುತ್ತದೆ. ಸರದಿಯಲ್ಲಿ ಬೇರೆಯವರೂ ಇರುತ್ತಾರೆ, “ಟಂಗ್‌ಸ್ಟನ್‌ನಲ್ಲೇ ಮುಗಿಸಿಬಿಡಿ, ಏನೂ ಆಗಲ್ಲ” ಎಂಬ ಸಲಹೆ ಬಂದೇ ಬರುತ್ತದೆ. ಒಪ್ಪಬೇಡಿ.

ಪ್ರತಿ ಮಾದರಿಗೆ ಮುಂಚೆ ಶುದ್ಧ ಕ್ವಾರ್ಟ್ಜ್ ಮರಳು ಹಾಕಿ ಒಮ್ಮೆ ತಿರುಗಿಸಿ, ಒರೆಸಿ. ನಂತರ ಅದೇ ಮಾದರಿಯ ಸ್ವಲ್ಪ ಭಾಗ ಅರೆದು ಚೆಲ್ಲಿ. ಆಮೇಲೆ ನಿಜವಾದ ಪಾಲು. 200 ಮೆಶ್, ಅಂದರೆ 75 ಮೈಕ್ರಾನ್ ಜರಡಿಯಷ್ಟು ನುಣುಪು ಬೇಕು. ಬೆರಳುಗಳ ನಡುವೆ ಉಜ್ಜಿದಾಗ ಮೈದಾ ಹಿಟ್ಟಿನ ಹಾಗಿರಬೇಕು, ತರಿ ಸಿಕ್ಕರೆ ಮತ್ತೆ ಮಿಲ್‌ಗೆ. ಲೋಹದ ಅಥವಾ ಹಿತ್ತಾಳೆಯ ಜರಡಿ ಬಳಸಬೇಡಿ, ನೈಲಾನ್ ಬಟ್ಟೆಯದು ಸಿಗುತ್ತದೆ.

ಲ್ಯಾಬ್‌ಗೆ ಪತ್ರ, ಹಣ, ಕಾಯುವಿಕೆ

ಲೇಶಮಾತ್ರ ಇರುವ ಧಾತುಗಳನ್ನು ಅಳೆಯುವ ಐಸಿಪಿ-ಎಂಎಸ್ ಯಂತ್ರದ ಸೌಲಭ್ಯ ಹೈದರಾಬಾದಿನ ಎನ್‌ಜಿಆರ್‌ಐ, ತಿರುವನಂತಪುರದ ಎನ್‌ಸೆಸ್, ಡೆಹ್ರಾಡೂನಿನ ವಾಡಿಯಾ ಸಂಸ್ಥೆಯಂಥ ಕಡೆ ಇದೆ. ಖಾಸಗಿ ಲ್ಯಾಬ್‌ಗಳೂ ಇವೆ. ದರ ಕೇಳುವಾಗ ವಿದ್ಯಾರ್ಥಿ ದರವೋ, ಸರ್ಕಾರಿ ಸಂಸ್ಥೆಯ ದರವೋ, ಉದ್ಯಮದ ದರವೋ, ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಂದು ಬರಹದಲ್ಲಿ ಕೇಳಿ. ಜಿಎಸ್‌ಟಿ ಬಿಟ್ಟು ಮಂಜೂರಾತಿ ತಗೊಂಡರೆ ಆ ವ್ಯತ್ಯಾಸವನ್ನು ಮತ್ತೆ ಮಂಜೂರು ಮಾಡಿಸಲು ಕಡತ ಮೊದಲಿನಿಂದ ಏರಬೇಕು. 20 ಮಾದರಿಗೆ 20ರ ಹಣ ಹೊಂದಿಸಿದರೆ ಸಾಲದು: ಎರಡು ನಕಲು, ಎರಡು ಪ್ರಮಾಣಿತ ಶಿಲೆ (ಅಂಕಿ ಮೊದಲೇ ಗೊತ್ತಿರುವುದು), ಒಂದು ಖಾಲಿ ದ್ರಾವಣ (ಕಲ್ಲು ಹಾಕದ ಆಮ್ಲ ಮಾತ್ರ) ಸೇರಿ 25 ಜಾಗಗಳ ಲೆಕ್ಕ ಹಾಕಿ. ನಕಲು ಮಾದರಿಗೆ ಬೇರೆ ಸಂಖ್ಯೆ ಕೊಟ್ಟು, ಅದು ನಕಲು ಎಂದು ಹೇಳದೆ ಕಳಿಸಿ. ಇದು ಮೋಸವಲ್ಲ, ಪದ್ಧತಿ.

ಪ್ರಮಾಣಿತ ಶಿಲೆಗಳಲ್ಲಿ ಯುಎಸ್‌ಜಿಎಸ್‌ನ ಬಿಎಚ್‌ವಿಓ-2 ಹವಾಯಿಯ ಬಸಾಲ್ಟ್. ಡಬ್ಲ್ಯೂ-2 ವರ್ಜೀನಿಯಾದ ಡಯಾಬೇಸ್, ಅಂದರೆ ನಮ್ಮ ಡೋಲರೈಟ್‌ನ ಬಳಗವೇ. ಎರಡನ್ನೂ ನಿಮ್ಮ ಮಾದರಿಗಳ ಜೊತೆಗೇ ಕರಗಿಸಿ ಓಡಿಸಲು ಒತ್ತಾಯಿಸಿ. ಅರ್ಜಿಯ ಜೊತೆ ಮಾದರಿ ಪಟ್ಟಿ, ಶಿಲೆಯ ಹೆಸರು, ಅಂದಾಜು ಸಿಲಿಕಾ, ಮಿಲ್ ಯಾವುದು, ಹಣ ಕಟ್ಟಿದ ಯುಟಿಆರ್ ಸಂಖ್ಯೆ, ಮಾರ್ಗದರ್ಶಕರ ಸಹಿ. ಪುಡಿಯನ್ನು 15–20 ಗ್ರಾಂನಂತೆ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಹಾಕಿ. ಕೊರಿಯರ್‌ನವರು ಹೆಸರಿಲ್ಲದ ಬೂದು ಪುಡಿ ಕಂಡರೆ ಪಾರ್ಸೆಲ್ ತಡೆಯುತ್ತಾರೆ. “ಕಲ್ಲಿನ ಪುಡಿ, ಶೈಕ್ಷಣಿಕ ಪರೀಕ್ಷೆಗೆ, ವಾಣಿಜ್ಯ ಮೌಲ್ಯವಿಲ್ಲ” ಎಂಬ ಪತ್ರವನ್ನು ಹೊರಗೇ ಅಂಟಿಸಿ.

ಆಮೇಲೆ ಕಾಯುವುದು. ಆರ್ಗಾನ್ ಸಿಲಿಂಡರ್ ಬಂದಿಲ್ಲ, ಯಂತ್ರ ಸರ್ವಿಸ್‌ಗೆ ನಿಂತಿದೆ, ಸರದಿ ಉದ್ದವಿದೆ ಎಂಬ ಉತ್ತರಗಳು ಬರುತ್ತವೆ. ಫೆಲೋಶಿಪ್ ಮುಗಿಯುವ ದಿನಾಂಕ ಕಣ್ಣೆದುರು ಇರುವಾಗ ಆ ತಳಮಳ ಸಣ್ಣದಲ್ಲ. ಒಂದು ಲ್ಯಾಬ್‌ನಿಂದ ನಮಗೆ ಬಂದ ಮೊದಲ ವರದಿಯಲ್ಲಿ ಪ್ರಮಾಣಿತ ಶಿಲೆಗಳ ಅಂಕಿಯೇ ಇರಲಿಲ್ಲ. ಅದನ್ನು ಕೇಳಿ ಪಡೆಯಲು ಬೇಕಾದ ಓಡಾಟ ವಿಶ್ಲೇಷಣೆಗೆ ಬೇಕಾದದ್ದಕ್ಕಿಂತ ಕಡಿಮೆಯೇನಲ್ಲ. ‘ಪ್ರಮಾಣಿತ, ನಕಲು, ಖಾಲಿ ದ್ರಾವಣದ ಅಂಕಿ ಸಹಿತ’ ಎಂಬ ಸಾಲನ್ನು ಅರ್ಜಿಯಲ್ಲೇ ಬರೆದುಬಿಡಿ.

ಲ್ಯಾಬ್ ಒಳಗೆ ಏನಾಗುತ್ತದೆ

ಮುಖ್ಯ ಆಕ್ಸೈಡ್‌ಗಳಿಗೆ ಎಕ್ಸ್‌ಆರ್‌ಎಫ್, ಅಂದರೆ ಎಕ್ಸ್-ಕಿರಣ ಹಾಯಿಸಿ ಧಾತುಗಳನ್ನು ಅಳೆಯುವ ವಿಧಾನ. ಬೋರಿಕ್ ಆಮ್ಲದ ಬೆಂಬಲ ಕೊಟ್ಟು ಒತ್ತಿದ ಬಿಲ್ಲೆ ಅಗ್ಗ. ಲಿಥಿಯಂ ಬೋರೇಟ್ ಜೊತೆ ಕರಗಿಸಿದ ಗಾಜಿನ ಬಿಲ್ಲೆ ನಿಖರ, ಖನಿಜಗಳ ಕಣಗಾತ್ರದ ತೊಂದರೆ ಅದರಲ್ಲಿಲ್ಲ. ನಿಯೋಬಿಯಂ ಅನ್ನೂ ಎಕ್ಸ್‌ಆರ್‌ಎಫ್‌ನಲ್ಲೇ ಕೊಡುತ್ತೇವೆ ಎನ್ನುತ್ತಾರೆ. ಆದರೆ ಯಿಟ್ರಿಯಂನ ಕೆ-ಬೀಟಾ ರೇಖೆ ನಿಯೋಬಿಯಂನ ಕೆ-ಆಲ್ಫಾ ರೇಖೆಯ ಮೇಲೆ ಹೇರಿಕೊಳ್ಳುತ್ತದೆ, ಡೋಲರೈಟ್‌ನಲ್ಲಿ ಯಿಟ್ರಿಯಂ ಇರುವುದು ನಿಯೋಬಿಯಂನ ಹಲವು ಪಟ್ಟು. 4 ಪಿಪಿಎಂನಲ್ಲಿ 1 ಪಿಪಿಎಂ ಆಚೀಚೆಯಾದರೂ 25% ತಪ್ಪು. ಅದನ್ನಿಟ್ಟುಕೊಂಡು ಮ್ಯಾಂಟಲ್ ಬಗ್ಗೆ ತೀರ್ಪು ಕೊಡಲಾಗದು.

ಐಸಿಪಿ-ಎಂಎಸ್‌ಗೆ 50 ಮಿ.ಗ್ರಾಂ ಪುಡಿಯನ್ನು ಮುಚ್ಚಿದ ಟೆಫ್ಲಾನ್ ಬಗೆಯ ಪಾತ್ರೆಯಲ್ಲಿ ಹೈಡ್ರೋಫ್ಲೋರಿಕ್, ನೈಟ್ರಿಕ್ ಆಮ್ಲಗಳ ಮಿಶ್ರಣದಲ್ಲಿ ಸುಮಾರು 150 ಡಿಗ್ರಿಯಲ್ಲಿ ಎರಡು ದಿನ ಇಡುತ್ತಾರೆ. ಆಮೇಲೆ ಒಣಗಿಸಿ, ಪರ್‌ಕ್ಲೋರಿಕ್ ಅಥವಾ ನೈಟ್ರಿಕ್ ಆಮ್ಲ ಹಾಕಿ ಮತ್ತೆ ಒಣಗಿಸಿ, ಕೊನೆಗೆ ತಿಳಿಯಾದ ದ್ರಾವಣ. ತಳದಲ್ಲಿ ಬಿಳಿ ಪುಡಿ ಉಳಿದರೆ ಅದು ಫ್ಲೋರೈಡ್ ಗಷ್ಟು, ಅದರೊಳಗೆ ವಿರಳ ಮೃತ್ತಿಕೆಗಳು ಸಿಕ್ಕಿಹಾಕಿಕೊಂಡಿರುತ್ತವೆ. ಮತ್ತೆ ಆಮ್ಲ ಹಾಕಿ ಒಣಗಿಸುವುದೇ ದಾರಿ. ಹೈಡ್ರೋಫ್ಲೋರಿಕ್ ಆಮ್ಲದ ಬಳಿ ಹೋಗುವುದಿದ್ದರೆ ಕ್ಯಾಲ್ಸಿಯಂ ಗ್ಲೂಕೊನೇಟ್ ಜೆಲ್ ಮೇಜಿನ ಮೇಲಿದೆಯೇ ಎಂದು ಮೊದಲು ನೋಡಿ. ಸುಟ್ಟ ನೋವು ತಡವಾಗಿ ತಿಳಿಯುತ್ತದೆ, ಅಷ್ಟರಲ್ಲಿ ಅದು ಒಳಗಿಳಿದಿರುತ್ತದೆ.

ನಿಯೋಬಿಯಂ, ಟ್ಯಾಂಟಲಂ ಎರಡೂ ಬರೀ ತೆಳು ನೈಟ್ರಿಕ್ ಆಮ್ಲದಲ್ಲಿ ನೆಮ್ಮದಿಯಾಗಿರುವುದಿಲ್ಲ; ನಿಧಾನವಾಗಿ ಪಾತ್ರೆಯ ಗೋಡೆಗೆ ಅಂಟುತ್ತವೆ. ಹೈಡ್ರೋಫ್ಲೋರಿಕ್ ಆಮ್ಲದ ಲೇಶ ಉಳಿಸಿ, ದ್ರಾವಣ ಮಾಡಿದ ಕೂಡಲೇ ಓಡಿಸಿದರೆ ಒಳ್ಳೆಯದು. ವಾರಗಟ್ಟಲೆ ಇಟ್ಟ ದ್ರಾವಣದ ಅಂಕಿ ಬೇಡ. ಬೇರಿಯಂ ಹೆಚ್ಚಿರುವ ಮಾದರಿಯಲ್ಲಿ ಬೇರಿಯಂ ಆಕ್ಸೈಡ್ ಯುರೋಪಿಯಂನ ತೂಕಕ್ಕೇ ಬಂದು ಕೂತು ಸುಳ್ಳು ಏರಿಕೆ ತೋರಿಸುತ್ತದೆ. ತಿದ್ದುಪಡಿ ಮಾಡಿದ್ದಾರೆಯೇ ಎಂದು ಕೇಳಿ.

ವರದಿ ಬಂದ ಮೇಲೆ

ಚಿತ್ರ ಬರೆಯಲು ಕೂರುವ ಮುಂಚೆ ಅಂಕಿ ಪರೀಕ್ಷಿಸಿ. ಆಕ್ಸೈಡ್‌ಗಳ ಮೊತ್ತ, ಕಾಯಿಸಿದಾಗಿನ ನಷ್ಟ ಸೇರಿ, 98.5ರಿಂದ 101ರ ಒಳಗಿರಬೇಕು. ನಷ್ಟದ ಅಂಕಿ ಋಣವಾಗಿ ಬಂದರೆ ಗಾಬರಿಯಾಗಬೇಡಿ. ಫೆರಸ್ ಕಬ್ಬಿಣ ಕುಲುಮೆಯಲ್ಲಿ ಆಮ್ಲಜನಕ ಹಿಡಿದು ತೂಕ ಹೆಚ್ಚಿಸಿಕೊಂಡಿದೆ ಅಷ್ಟೇ. ತಾಜಾ ಡೋಲರೈಟ್‌ನಲ್ಲಿ ಇದು ಸಹಜ. ಎಕ್ಸ್‌ಆರ್‌ಎಫ್‌ನ ಜಿರ್ಕೋನಿಯಂ ಮತ್ತು ಐಸಿಪಿಯ ಜಿರ್ಕೋನಿಯಂ ಪಕ್ಕಪಕ್ಕ ಇಡಿ. ಐಸಿಪಿಯದು ಗಣನೀಯವಾಗಿ ಕಡಿಮೆಯಿದ್ದರೆ ಕಲ್ಲು ಪೂರ್ತಿ ಕರಗಿಲ್ಲ. ನೈಸ್ ಮಾದರಿಗಳಲ್ಲಿ ಜಿರ್ಕಾನ್ ಇರುವುದರಿಂದ ಇದು ಖಚಿತವಾಗಿ ನೋಡಬೇಕಾದ್ದು. ನಿಯೋಬಿಯಂ–ಟ್ಯಾಂಟಲಂ ಅನುಪಾತ ಬಿಎಚ್‌ವಿಓ-2ರಲ್ಲಿ 16ರ ಹತ್ತಿರ, ಕಾಂಡ್ರೈಟ್ ಎಂಬ ಆದಿಮ ಉಲ್ಕಾಶಿಲೆಯಲ್ಲಿ 17.6. ನಿಮ್ಮ ಮಾದರಿಗಳಲ್ಲೆಲ್ಲ 8, 9 ಅಂತ ಬಂದಿದ್ದರೆ ಮ್ಯಾಂಟಲ್‌ಗಿಂತ ಮೊದಲು ಮಿಲ್ಲನ್ನು ಅನುಮಾನಿಸಿ.

ಎಂಜಿ-ನಂಬರ್ (ಮೆಗ್ನೀಸಿಯಂ, ಫೆರಸ್ ಕಬ್ಬಿಣ ಎರಡರ ಮೋಲ್ ಮೊತ್ತದಲ್ಲಿ ಮೆಗ್ನೀಸಿಯಂನ ಶೇಕಡಾ ಪಾಲು) ಲೆಕ್ಕದಲ್ಲಿ ಎಡವುವವರು ಬಹಳ. ಎಕ್ಸ್‌ಆರ್‌ಎಫ್ ಕಬ್ಬಿಣವನ್ನೆಲ್ಲ ಫೆರಿಕ್ ಆಕ್ಸೈಡ್ ಎಂದೇ ಕೊಡುತ್ತದೆ, 0.8998ರಿಂದ ಗುಣಿಸಿ ಫೆರಸ್ ಮಾಡಿಕೊಳ್ಳಬೇಕು. ಉದಾಹರಣೆಗೆ ಫೆರಿಕ್ 12.5% ಇದ್ದರೆ ಫೆರಸ್ 11.25%. ಅದರ ಹತ್ತನೇ ಒಂಬತ್ತು ಪಾಲು ಮಾತ್ರ ನಿಜವಾಗಿ ಫೆರಸ್ ಎಂದಿಟ್ಟುಕೊಂಡರೆ 10.1%. ಇದನ್ನು 71.85ರಿಂದ, 7% ಮೆಗ್ನೀಸಿಯಂ ಆಕ್ಸೈಡ್ ಅನ್ನು 40.3ರಿಂದ ಭಾಗಿಸಿದರೆ ಎಂಜಿ-ನಂಬರ್ 55. ಮ್ಯಾಂಟಲ್‌ನ ಆಲಿವಿನ್‌ನೊಡನೆ ಸಮತೋಲದಲ್ಲಿರುವ ದ್ರವದ್ದು 70ರಿಂದ 73. ಅಂದರೆ ನಿಮ್ಮ ಡೈಕ್ ಮ್ಯಾಂಟಲ್‌ನಿಂದ ಹೊರಟಮೇಲೆ ದಾರಿಯಲ್ಲಿ ಆಲಿವಿನ್, ಪೈರಾಕ್ಸೀನ್ ಹರಳುಗಳನ್ನು ಬಹಳಷ್ಟು ಇಳಿಸಿ ಬಂದಿದೆ. ನಮ್ಮ ಸೀಮೆಯ ಡೋಲರೈಟ್‌ಗಳಲ್ಲಿ ಇದೇ ಸಾಮಾನ್ಯ. ಆದ್ದರಿಂದ ಒಂದೊಂದು ಧಾತುವಿನ ಪ್ರಮಾಣದ ಬದಲು ಅನುಪಾತಗಳನ್ನು ಹಿಡಿಯಬೇಕು. ಹರಳುಗಳು ಇಳಿದುಹೋದರೂ ಅವು ಅಷ್ಟಾಗಿ ಕದಲುವುದಿಲ್ಲ.

ಆಳಕ್ಕೆ ಸುಳಿವು ಗ್ಯಾಡೋಲಿನಿಯಂ–ಯಿಟರ್ಬಿಯಂ. ಗಾರ್ನೆಟ್ ಯಿಟರ್ಬಿಯಂ ಅನ್ನು ಬಿಡುವುದಿಲ್ಲ. ಗಾರ್ನೆಟ್ ಇರುವ ಆಳದಲ್ಲಿ, ಅಂದರೆ ಸುಮಾರು 80 ಕಿ.ಮೀ.ಗಿಂತ ಕೆಳಗೆ, ಕರಗಿದರೆ ದ್ರವದಲ್ಲಿ ಅದು ಕೊರತೆಯಾಗುತ್ತದೆ. ಕಾಂಡ್ರೈಟ್‌ಗೆ ಹೋಲಿಸಿದಾಗ ಬಿಎಚ್‌ವಿಓ-2ರಲ್ಲಿ ಈ ಅನುಪಾತ ಎರಡೂವರೆ ಆಸುಪಾಸು, ಡಬ್ಲ್ಯೂ-2ರಲ್ಲಿ ಒಂದೂವರೆಯ ಹತ್ತಿರ. ನಿಮ್ಮ ಮಾದರಿ ಯಾರ ಪಕ್ಕ ಕೂರುತ್ತದೆ ಎಂದು ನೋಡಿದರೆ ಒಂದು ಅಂದಾಜು ಸಿಗುತ್ತದೆ. ಕಾಂಡ್ರೈಟ್ ಅಂಕಿಗಳ ಒಂದೇ ಪಟ್ಟಿಯನ್ನು ಕೊನೆಯವರೆಗೆ ಬಳಸಿ. ಸನ್ ಮತ್ತು ಮೆಕ್‌ಡೊನೊ ಅವರ 1989ರ ಪಟ್ಟಿ ಹೆಚ್ಚು ಬಳಕೆಯಲ್ಲಿದೆ.

ಇನ್ನು ನಿಯೋಬಿಯಂ. ಆದಿಮ ಮ್ಯಾಂಟಲ್‌ಗೆ ಹೋಲಿಸಿ ಗೆರೆ ಎಳೆದಾಗ ನಿಯೋಬಿಯಂ ಬಳಿ ತಗ್ಗು ಬಿದ್ದರೆ ಎರಡು ವಿವರಣೆ ಸಾಧ್ಯ: ದ್ರವ ಮೇಲೇರುವಾಗ ನೈಸ್ ಬೆರೆಯಿತು, ಅಥವಾ ಮ್ಯಾಂಟಲ್ಲೇ ಹಿಂದೆ ಯಾವಾಗಲೋ ಇಳಿದುಹೋದ ಪ್ಲೇಟಿನ ದ್ರವಗಳಿಂದ ಮಾರ್ಪಟ್ಟಿತ್ತು. ಹಲವು ಪ್ರಬಂಧಗಳು ಇಲ್ಲಿ ತಮಗೆ ಬೇಕಾದ ಕಡೆ ವಾಲಿಬಿಡುತ್ತವೆ. ತೀರ್ಮಾನಕ್ಕೆ ನಾವು ಬಳಸಿದ್ದು ಸಾದಾ ಮಿಶ್ರಣದ ಲೆಕ್ಕ. ಊಹೆಯ ಅಂಕಿಗಳಲ್ಲೇ ತೋರಿಸುತ್ತೇವೆ: ದ್ರವದಲ್ಲಿ ಲ್ಯಾಂಥನಂ 8, ನಿಯೋಬಿಯಂ 8, ಸಿಲಿಕಾ 49% ಇರಲಿ. ನೈಸ್‌ನಲ್ಲಿ ಲ್ಯಾಂಥನಂ 30, ನಿಯೋಬಿಯಂ 6, ಸಿಲಿಕಾ 70%. 15% ನೈಸ್ ಬೆರೆತರೆ ಲ್ಯಾಂಥನಂ 11.3, ನಿಯೋಬಿಯಂ 7.7, ನಿಯೋಬಿಯಂ–ಲ್ಯಾಂಥನಂ ಅನುಪಾತ 1ರಿಂದ 0.68ಕ್ಕೆ ಇಳಿಯಿತು. ಆದರೆ ಸಿಲಿಕಾ 52% ದಾಟಿತು. ಹಾಗಾಗಿ ಅನುಪಾತ 0.4ಕ್ಕೆ ಇಳಿದಿದ್ದರೂ ಸಿಲಿಕಾ ಇನ್ನೂ 49ರಲ್ಲೇ ಇರುವ ಮಾದರಿಯನ್ನು ನೈಸ್ ಬೆರಕೆಯಿಂದ ಮಾತ್ರ ವಿವರಿಸಲಾಗದು. ಈ ಲೆಕ್ಕಕ್ಕೆ ಪಕ್ಕದ ನೈಸ್‌ನದ್ದೇ ಅಂಕಿ ಬೇಕು. ಎರಡು ನೈಸ್ ಮಾದರಿ ತನ್ನಿ ಎಂದದ್ದು ಅದಕ್ಕೇ. ಜಗತ್ತಿನ ಭೂತೊಗಟೆಯ ಸರಾಸರಿ ಹಾಕಿ ಮಾಡಿದ ಲೆಕ್ಕವನ್ನು ವಿಮರ್ಶಕರು ಸುಲಭವಾಗಿ ಕೆಡವುತ್ತಾರೆ.

ಐಸೋಟೋಪ್‌ಗೆ ಒಂದು ಮಾದರಿಯ ಖರ್ಚಿನಲ್ಲಿ ಹಲವು ಮಾದರಿಗಳ ಐಸಿಪಿ ಮುಗಿಯುತ್ತದೆ. ಐದಾರು ಸಾಕು: ಮೆಗ್ನೀಸಿಯಂ ಅತಿ ಹೆಚ್ಚಿರುವುದು, ನಿಯೋಬಿಯಂ–ಲ್ಯಾಂಥನಂ ಅನುಪಾತದ ಎರಡೂ ತುದಿಗಳು, ಮತ್ತು ಒಂದು ನೈಸ್. ಸ್ಟ್ರಾನ್ಷಿಯಂಗಿಂತ ನಿಯೋಡಿಮಿಯಂಗೆ ಆದ್ಯತೆ ಕೊಡಿ. ರುಬಿಡಿಯಂ ಅಲುಗಾಡಿರುವ ಹಳೆಯ ಕಲ್ಲಿನಲ್ಲಿ ಆರಂಭಿಕ ಸ್ಟ್ರಾನ್ಷಿಯಂ ಅನುಪಾತ 0.699ಕ್ಕಿಂತ ಕೆಳಗೆ, ಅಂದರೆ ಸೌರಮಂಡಲ ಹುಟ್ಟಿದಾಗಿನದಕ್ಕಿಂತಲೂ ಕಡಿಮೆ ಬರುವುದುಂಟು. ನಿಯೋಡಿಮಿಯಂ ಲೆಕ್ಕಕ್ಕೂ ಡೈಕ್‌ನ ವಯಸ್ಸು ಬೇಕೇ ಬೇಕು. ಧಾರವಾಡ ಕ್ರೇಟಾನ್‌ನಲ್ಲಿ 237 ಕೋಟಿ, ಸುಮಾರು 220 ಕೋಟಿ, 188 ಕೋಟಿ ವರ್ಷದ ಡೈಕ್ ಗುಂಪುಗಳಿವೆ. ಬೆಂಗಳೂರು ಸುತ್ತಿನವು 237 ಎಂದಮಾತ್ರಕ್ಕೆ ಶ್ರೀರಂಗಪಟ್ಟಣದ್ದೂ ಅದೇ ಎಂದು ಬರೆಯಬಾರದು. ಬ್ಯಾಡಲಿಯೈಟ್ (ಡೈಕ್‌ನ ವಯಸ್ಸು ಅಳೆಯಲು ಬಳಸುವ ಜಿರ್ಕೋನಿಯಂ ಖನಿಜ) ಸಿಕ್ಕಿ ವಯಸ್ಸು ಅಳೆಯಲಾಗದಿದ್ದರೆ ಈ ಮೂರೂ ವಯಸ್ಸುಗಳಿಗೆ ಲೆಕ್ಕ ಮಾಡಿ, ಮೂರನ್ನೂ ಪಟ್ಟಿಯಲ್ಲಿ ಕೊಡಿ. ತೀರ್ಮಾನ ಮೂರರಲ್ಲೂ ಉಳಿದರೆ ಅದನ್ನು ಬರೆಯಿರಿ.

ಉಳಿದ ಪುಡಿಯನ್ನು, ಪ್ರತಿ ಮಾದರಿಗೆ ಕನಿಷ್ಠ 50 ಗ್ರಾಂ, ಜಿಪಿಎಸ್ ಅಂಕಿ, ಮಿಲ್‌ನ ಹೆಸರು, ದಿನಾಂಕ ಬರೆದು ವಿಭಾಗದಲ್ಲೇ ಇಡಿ. ವಿಮರ್ಶಕರು ಮರುವಿಶ್ಲೇಷಣೆ ಕೇಳುವುದು ಹೆಚ್ಚಾಗಿ ನಿಯೋಬಿಯಂದೇ, ಅದೂ ಮಳೆಗಾಲದಲ್ಲಿ, ಹೊಲದಲ್ಲಿ ಕಬ್ಬು ಆಳೆತ್ತರ ನಿಂತಿರುವಾಗ.